ಕೂದಲು ಅವಳದು, ಸಭೆ ಗಂಡಸರದು

2022ರ ಮಾರ್ಚ್ 28, ಸೋಮವಾರ. ಬೆಳಿಗ್ಗೆ ಎಂಟೂವರೆ ಹೊತ್ತು. ತಟ್ಟೆಯಲ್ಲಿ ಉಪ್ಪಿಟ್ಟು ಆರುತ್ತಿತ್ತು, ನಾನು ಫೋನು ನೋಡುತ್ತಿದ್ದೆ. ಒಂದೇ ವಿಡಿಯೋ ನಾಲ್ಕು ವಾಟ್ಸಾಪ್ ಗುಂಪಿಗೆ ಬಂದು ಬಿದ್ದಿತ್ತು. ಗಂಡಸೊಬ್ಬ ವೇದಿಕೆ ಹತ್ತುತ್ತಾನೆ, ಅಲ್ಲಿ ನಿಂತಿದ್ದವನ ಕೆನ್ನೆಗೆ ಬಾರಿಸುತ್ತಾನೆ, ಏನೂ ಆಗದವನ ಹಾಗೆ ಇಳಿದು ಬಂದು ಕುರ್ಚಿಯಲ್ಲಿ ಕೂರುತ್ತಾನೆ.

ಮಧ್ಯಾಹ್ನದೊಳಗೆ ಎಲ್ಲರ ಹತ್ತಿರ ಒಂದೊಂದು ಅಭಿಪ್ರಾಯ ರೆಡಿ ಇತ್ತು. ಹೊಡೆದದ್ದು ಸರಿ ಅಂತ ಒಬ್ಬ. ತಪ್ಪು ಅಂತ ಇನ್ನೊಬ್ಬ. ಇದೆಲ್ಲ ಟಿಆರ್‌ಪಿ ನಾಟಕ ಅಂತ ಮತ್ತೊಬ್ಬ. ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಆರು ಜನ ಗಂಡಸರು ಅರ್ಧ ಗಂಟೆ ಇದನ್ನೇ ಮಾತಾಡಿದೆವು. ಹೊಡೆದವನ ಬಗ್ಗೆ ಮಾತಾಡಿದೆವು, ಹೊಡೆಸಿಕೊಂಡವನ ಬಗ್ಗೆ ಮಾತಾಡಿದೆವು. ಜಗಳ ಶುರುವಾಗಿದ್ದು ಒಬ್ಬ ಹೆಂಗಸಿನ ತಲೆಯಿಂದ. ಅವಳ ಸುದ್ದಿ ಮಾತ್ರ ಬರಲೇ ಇಲ್ಲ. ಬರಲಿಲ್ಲ ಅಂತ ನನಗೆ ಹೊಳೆಯೋಕೂ ಒಂದು ವಾರ ಬೇಕಾಯಿತು.

ಹಾಗಾಗಿ ಆ ತಲೆಯ ಕಡೆಯಿಂದ ಈ ಪ್ರಕರಣವನ್ನು ಮತ್ತೆ ಬಿಚ್ಚಿ ನೋಡುತ್ತಿದ್ದೇನೆ. ನಾನೂ ಗಂಡಸೇ, ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಡೆದದ್ದು

ಹಾಲಿವುಡ್‌ನ ಡಾಲ್ಬಿ ಥಿಯೇಟರಿನಲ್ಲಿ 94ನೇ ಆಸ್ಕರ್ ಸಮಾರಂಭ. ಅಲ್ಲಿ ಇನ್ನೂ ಭಾನುವಾರ ಸಂಜೆ. ಹಾಸ್ಯಗಾರ ಕ್ರಿಸ್ ರಾಕ್ ಸಾಕ್ಷ್ಯಚಿತ್ರದ ಪ್ರಶಸ್ತಿ ಕೊಡಲು ವೇದಿಕೆಗೆ ಬಂದ. ಲಕೋಟೆ ಒಡೆಯುವ ಮುಂಚೆ ಮುಂದಿನ ಸಾಲಿನವರನ್ನು ನಾಲ್ಕು ಮಾತು ಕೆಣಕುವುದು ಅಲ್ಲಿನ ವಾಡಿಕೆ. ಮುಂದೆ ನಟ ವಿಲ್ ಸ್ಮಿತ್ ಕೂತಿದ್ದ. ಪಕ್ಕದಲ್ಲಿ ಹೆಂಡತಿ, ನಟಿ ಜೇಡಾ ಪಿಂಕೆಟ್ ಸ್ಮಿತ್. ಹಸಿರು ಗೌನು, ನುಣ್ಣಗೆ ಬೋಳಿಸಿದ ತಲೆ.

"ಜೇಡಾ, ಐ ಲವ್ ಯು. ಜಿ.ಐ. ಜೇನ್ 2 ನೋಡೋಕೆ ಕಾಯ್ತಾ ಇದ್ದೀನಿ" ಅಂದ ರಾಕ್. 1997ರ 'ಜಿ.ಐ. ಜೇನ್' ಸಿನಿಮಾದಲ್ಲಿ ನಟಿ ಡೆಮಿ ಮೂರ್ ಸೇನೆಯ ತರಬೇತಿಗಾಗಿ ತಲೆ ಬೋಳಿಸಿಕೊಂಡಿದ್ದಳು. ಜೋಕು ಅಷ್ಟೇ. ಹೇಳಬೇಕೆಂದರೆ ಸಪ್ಪೆ ಜೋಕು, 25 ವರ್ಷ ಹಳೇ ಸರಕು.

ವಿಲ್ ಸ್ಮಿತ್ ಮೊದಲು ನಕ್ಕ. ಅದನ್ನು ಕ್ಯಾಮೆರಾ ಹಿಡಿದಿದೆ. ಜೇಡಾ ನಗಲಿಲ್ಲ, ಕಣ್ಣು ಮೇಲಕ್ಕೆ ತಿರುಗಿಸಿದಳು. ಕೆಲವೇ ಕ್ಷಣದಲ್ಲಿ ವಿಲ್ ವೇದಿಕೆಯ ಮೇಲಿದ್ದ. ಹೊಡೆದು ಬಂದು ಕೂತ ಮೇಲೆ ಎರಡು ಸಲ ಕೂಗಿದ: ನನ್ನ ಹೆಂಡತಿಯ ಹೆಸರು ನಿನ್ನ ಬಾಯಲ್ಲಿ ಬರಬಾರದು. ನಡುವೆ ಒಂದು ಬೈಗುಳವೂ ಇತ್ತು. ಅಮೆರಿಕದ ಟಿವಿಯವರು ಧ್ವನಿ ಕಡಿದುಬಿಟ್ಟರು. ಜಪಾನ್ ಮತ್ತು ಆಸ್ಟ್ರೇಲಿಯಾದಲ್ಲಿ ಪೂರ್ತಿ ಕೇಳಿಸಿತು, ಅಲ್ಲಿಂದಲೇ ವಿಡಿಯೋ ನಮ್ಮ ಫೋನುಗಳಿಗೂ ಬಂತು.

ಸುಮಾರು 40 ನಿಮಿಷ ಕಳೆದು ಅದೇ ವಿಲ್ ಸ್ಮಿತ್‌ಗೆ ಅತ್ಯುತ್ತಮ ನಟ ಪ್ರಶಸ್ತಿ. ಅಳುತ್ತಾ ಮಾತಾಡಿದ. ಅಕಾಡೆಮಿಯ ಕ್ಷಮೆ ಕೇಳಿದ, ಜೊತೆ ಸ್ಪರ್ಧಿಗಳ ಕ್ಷಮೆ ಕೇಳಿದ. ರಾಕ್ ಹೆಸರು ಎತ್ತಲಿಲ್ಲ, ಅದಕ್ಕೆ ಮರುದಿನದ ತನಕ ಕಾಯಬೇಕಾಯಿತು. ಏಪ್ರಿಲ್ 1ಕ್ಕೆ ಅಕಾಡೆಮಿಯ ಸದಸ್ಯತ್ವ ಬಿಟ್ಟ. ಏಪ್ರಿಲ್ 8ಕ್ಕೆ ಅಕಾಡೆಮಿ ಅವನನ್ನು 10 ವರ್ಷ ತನ್ನ ಸಮಾರಂಭಗಳಿಂದ ದೂರ ಇಟ್ಟಿತು. ರಾಕ್ ಪೊಲೀಸ್ ದೂರು ಕೊಡಲಿಲ್ಲ.

ಕಡತದಲ್ಲಿ ಇರುವುದು ಇಷ್ಟು. ಇದರಲ್ಲಿ ಕೂದಲು ಎಲ್ಲಿದೆ?

ಬೋಳು ತಲೆಯ ಹಿಂದೆ

ಜೇಡಾ ಸುಮ್ನೆ ಸ್ಟೈಲಿಗೆ ತಲೆ ಬೋಳಿಸಿಕೊಂಡವಳಲ್ಲ. 2018ರ ಮೇ ತಿಂಗಳಲ್ಲಿ ತನ್ನದೇ ಕಾರ್ಯಕ್ರಮದಲ್ಲಿ ಅವಳು ಮೊದಲ ಬಾರಿಗೆ ಬಾಯಿಬಿಟ್ಟಿದ್ದಳು. ಒಂದು ದಿನ ಸ್ನಾನ ಮಾಡುವಾಗ ಕೈತುಂಬ ಕೂದಲು ಬಂತಂತೆ. ಭಯದಿಂದ ನಡುಗಿಹೋದೆ ಅಂದಳು. ಆಮೇಲೆ ಕೂದಲು ಕತ್ತರಿಸುತ್ತಾ ಬಂದಳು, ತಲೆಗೆ ಬಟ್ಟೆ ಸುತ್ತಿಕೊಳ್ಳೋಕೆ ಶುರುಮಾಡಿದಳು. 2021ರ ಜುಲೈನಲ್ಲಿ ಮಗಳು ವಿಲೋ ಹುರಿದುಂಬಿಸಿದ ಮೇಲೆ ಪೂರ್ತಿ ಬೋಳಿಸಿಕೊಂಡಳು. ಕೂದಲು ಉದುರುವ ಈ ತೊಂದರೆಗೆ ಅಲೋಪೇಶಿಯಾ ಎಂದು ಹೆಸರು. ಅದರಲ್ಲಿ ಹಲವು ಬಗೆ ಇವೆ. ಅಲೋಪೇಶಿಯಾ ಏರಿಯೇಟಾ ಎಂಬುದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬುಡದ ಮೇಲೆ ತಿರುಗಿಬೀಳುತ್ತದೆ. ಅದರ ತೀವ್ರ ರೂಪಕ್ಕೆ ಅಂತಲೇ ಅಮೆರಿಕದಲ್ಲಿ ಮೊದಲ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 2022ರ ಜೂನ್‌ನಲ್ಲಿ, ಆ ಏಟು ಬಿದ್ದ ಮೂರು ತಿಂಗಳಿಗೆ.

ಜೇಡಾಳಂಥ ಕಪ್ಪು ಹೆಂಗಸರಲ್ಲಿ, ಅಂದರೆ ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ, ಕೂದಲು ಉದುರಲು ಇನ್ನೊಂದು ಕಾರಣವೂ ಇದೆ. ಬಿಗಿಯಾಗಿ ಹೆಣೆದ ಬ್ರೇಡ್ಸ್, ತಮ್ಮ ಜಡೆಗೆ ಹೊಲಿದು ಕೂರಿಸಿದ ಬೇರೆಯವರ ಕೂದಲು, ಅಂದರೆ ವೀವ್, ಇವೆಲ್ಲ ವರ್ಷಗಟ್ಟಲೆ ಎಳೆದೂ ಎಳೆದೂ ಹಣೆಯಂಚಿನ ಕೂದಲು ಹಿಂದೆ ಸರಿಯುತ್ತದೆ. ಆ ಅಂಚಿಗೆ ಅವರು 'ಎಡ್ಜಸ್' ಅನ್ನುತ್ತಾರೆ. ಇಬ್ಬರು ಗೆಳತಿಯರು ಕೂತರೆ ಅದೇ ದೊಡ್ಡ ಚಿಂತೆ. ಕತ್ತಿನ ಹಿಂಭಾಗದ, ಎಷ್ಟು ಬಾಚಿದರೂ ಸಿಂಬಿ ಸುತ್ತುವ ಗುಂಗುರು ಕೂದಲಿಗೆ ಅವರ ಮಾತಿನಲ್ಲಿ 'ಕಿಚನ್' ಎಂದು ಹೆಸರು. ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯಿಸಿ ಅಮ್ಮಂದಿರು ಮಕ್ಕಳ ಕೂದಲು ನೇರ ಮಾಡುತ್ತಿದ್ದ ಕಾಲವೊಂದಿತ್ತು. ಮಾಮೂಲಾಗಿ ಶನಿವಾರ ರಾತ್ರಿ, ಮರುದಿನದ ಚರ್ಚಿಗಾಗಿ. ಕಿವಿ ಸುಟ್ಟ ಕಥೆ ಎಲ್ಲರ ಹತ್ತಿರವೂ ಇರುತ್ತದೆ.

ಈ ವ್ಯಾಪಾರವನ್ನು ದೊಡ್ಡದಾಗಿ ಕಟ್ಟಿದವರಲ್ಲಿ ಮೇಡಂ ಸಿ.ಜೆ. ವಾಕರ್ ಒಬ್ಬರು. ಹುಟ್ಟಿದ್ದು 1867ರಲ್ಲಿ, ಲೂಸಿಯಾನಾದಲ್ಲಿ, ಗುಲಾಮರಾಗಿದ್ದವರ ಮಗಳಾಗಿ. ತಮ್ಮದೇ ಕೂದಲು ಉದುರತೊಡಗಿದಾಗ ಅದಕ್ಕೆ ಮದ್ದು ಹುಡುಕುತ್ತಾ ಅವರು ಈ ದಾರಿ ಹಿಡಿದದ್ದು. ಕೊನೆಗೆ ಅಮೆರಿಕದ ದೊಡ್ಡ ಶ್ರೀಮಂತ ಮಹಿಳೆಯರಲ್ಲಿ ಒಬ್ಬರಾದರು. ಕೂದಲು ಉದುರೋ ಸಂಕಟ ಜೇಡಾಳಿಂದ ಶುರುವಾದದ್ದಲ್ಲ.

ಗೊತ್ತಿದ್ದವನೇ ಹೇಳಿದ ಜೋಕು

ನನ್ನನ್ನು ಈ ಪ್ರಕರಣಕ್ಕೆ ಮತ್ತೆ ಮತ್ತೆ ಎಳೆಯುವ ಸಂಗತಿ ಇದು. ಕಪ್ಪು ಹೆಂಗಸರ ಕೂದಲಿನ ಬಗ್ಗೆ ಅಮೆರಿಕದಲ್ಲಿ ಅತಿ ಹೆಚ್ಚು ಹೆಸರಾದ ಸಾಕ್ಷ್ಯಚಿತ್ರ ಮಾಡಿದವನು ಇದೇ ಕ್ರಿಸ್ ರಾಕ್. ಹೆಸರು 'ಗುಡ್ ಹೇರ್', 2009ರದ್ದು. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿಯೂ ಬಂತು. ಒಂದು ದಿನ ಪುಟ್ಟ ಮಗಳು ಬಂದು, ಅಪ್ಪಾ, ನನಗ್ಯಾಕೆ ಒಳ್ಳೇ ಕೂದಲಿಲ್ಲ ಅಂತ ಕೇಳಿದಳಂತೆ. ಅದಕ್ಕೆ ಉತ್ತರ ಹುಡುಕಿಕೊಂಡು ಹೊರಟೆ ಅನ್ನುತ್ತಾನೆ.

'ಒಳ್ಳೇ ಕೂದಲು' ಅಂದರೆ ಬಿಳಿಯರ ಕೂದಲಿಗೆ ಹತ್ತಿರವಾದದ್ದು. ನೇರವಾಗಿ, ನುಣುಪಾಗಿ, ಗಾಳಿಗೆ ಹಾರುವಂಥದ್ದು. ಗುಲಾಮಗಿರಿಯ ಕಾಲದಿಂದ ಬಂದ ಮಾತು. ಅದಕ್ಕೆ ಎದುರು 'ನ್ಯಾಪಿ', ಬಿಗಿ ಗುಂಗುರು. ಬಿಳಿಯನ ಬಾಯಲ್ಲಿ ಅದು ಬೈಗುಳ.

ಚಿತ್ರದಲ್ಲಿ ಒಂದು ದೃಶ್ಯ ಮರೆಯೋಕಾಗಲ್ಲ. ರಸಾಯನ ವಿಜ್ಞಾನಿಯೊಬ್ಬರ ಮುಂದೆ ಸೋಡಿಯಂ ಹೈಡ್ರಾಕ್ಸೈಡ್. ಕೂದಲು ನೇರ ಮಾಡುವ ರಿಲ್ಯಾಕ್ಸರ್ ಕ್ರೀಮಿನಲ್ಲಿ ಇರುವುದು ಅದೇ. ನಮ್ಮ ಕಡೆ ಕಾಸ್ಟಿಕ್ ಸೋಡಾ ಅಂತೀವಲ್ಲ, ಸೋಪು ಮಾಡೋಕೆ, ಚರಂಡಿ ಪೈಪು ಬಿಡಿಸೋಕೆ, ಅದು. ಅದರಲ್ಲಿ ಅಲ್ಯೂಮಿನಿಯಂ ಡಬ್ಬಿ ಮುಳುಗಿಸಿಡುತ್ತಾರೆ. ಡಬ್ಬಿ ಕರಗಿ ಹೋಗುತ್ತದೆ. ಇದೇ ವಸ್ತು ಹುಡುಗಿಯರ ತಲೆಗೂ ಬೀಳುತ್ತದೆ. ಹಚ್ಚುವ ಮುಂಚೆ ನೆತ್ತಿಗೆ ವ್ಯಾಸಲೀನ್ ಬಳಿಯಬೇಕು. ಹಿಂದಿನ ದಿನ ತಲೆ ಕೆರೆದುಕೊಂಡಿರಬಾರದು, ಗೀರಿದ ಜಾಗವೆಲ್ಲ ಉರಿಯುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಬುಡದಲ್ಲಿ ಹೊಸ ಗುಂಗುರು ಇಣುಕುತ್ತದೆ, ಮತ್ತೆ ಹಚ್ಚಬೇಕು. ಬಿಡಲಾಗದ ಈ ಚಟಕ್ಕೆ ಅವರೇ ಇಟ್ಟ ಅಡ್ಡಹೆಸರು 'ಕ್ರೀಮಿ ಕ್ರ್ಯಾಕ್', ಕ್ರ್ಯಾಕ್ ಅಂದರೆ ಒಂದು ಮಾದಕ ವಸ್ತು. ಬಿಟ್ಟೇಬಿಡುತ್ತೇನೆ ಅಂತ ನಿರ್ಧರಿಸಿದವಳು ಒಂದು ದಿನ ನೇರ ಮಾಡಿದ ಭಾಗವನ್ನೆಲ್ಲ ಕತ್ತರಿಸಿ ಎಸೆಯುತ್ತಾಳೆ. ಅದು 'ಬಿಗ್ ಚಾಪ್'.

2022ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು ಹೊರಬಂತು. 33,497 ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ಲೆಕ್ಕ ಅದು. ಕೂದಲು ನೇರ ಮಾಡುವ ರಾಸಾಯನಿಕ ಮುಟ್ಟದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು 1.64%, ಪದೇ ಪದೇ ಬಳಸಿದವರಲ್ಲಿ 4.05%. ಕಾರಣ ಇದೇ ಅಂತ ಅದು ಸಾಬೀತು ಮಾಡಿಲ್ಲ, ನಂಟು ತೋರಿಸಿದೆ. ಆದರೂ ಅಂಕಿ ನೋಡಿದರೆ ಎದೆ ಜುಂ ಅನ್ನುತ್ತದೆ.

ಇನ್ನು ಚಿತ್ರದ ಕ್ಷೌರದಂಗಡಿ. ಗಂಡಸರು ಸಾಲಾಗಿ ಕೂತು ಹರಟುತ್ತಾರೆ. ವೀವ್‌ಗೆ ಹೆಂಡತಿ ಸುರಿಯುವ ದುಡ್ಡಿನ ಬಗ್ಗೆ ಗೊಣಗಾಟ. ಜೊತೆಗೆ ಒಂದು ಅಳಲು: ಹಾಸಿಗೆಯಲ್ಲಿ ಕೂಡ ತಲೆ ಮುಟ್ಟೋ ಹಾಗಿಲ್ಲ! ನೋಡುವವರು ನಗುತ್ತಾರೆ, ನಾನೂ ನಕ್ಕೆ. ಆಮೇಲೆ ಅನಿಸಿತು, ಇವರಿಗೆ ಎರಡೂ ಬೇಕು. ಉದ್ದನೆಯ ನೇರ ಕೂದಲಿನ ಹೆಂಗಸು ಬೇಕು, ಅದಕ್ಕೆ ದುಡ್ಡೂ ಹೊತ್ತೂ ಖರ್ಚಾಗಬಾರದು. 'ನನಗೆ ನ್ಯಾಚುರಲ್ಲೇ ಇಷ್ಟ' ಅನ್ನುವವನ ಮನಸ್ಸಿನಲ್ಲಿ ಇರೋದು ಕೂಡ ಸಡಿಲ ಸುರುಳಿಯ, ಬೆನ್ನಿಗೆ ಇಳಿಯುವ ಕೂದಲು, ಬಿಗಿಯಾಗಿ ಸುತ್ತಿದ ನಾಲ್ಕಂಗುಲದ್ದಲ್ಲ ಅಂತ ಕಪ್ಪು ಹೆಂಗಸರು ಎಷ್ಟೋ ಕಡೆ ಬರೆದಿದ್ದಾರೆ. ಕೂದಲಿಗೆ ಒಂದರಿಂದ ನಾಲ್ಕರ ತನಕ ನಂಬರು ಕೊಟ್ಟು ವಿಂಗಡಿಸಿದವನೂ ಗಂಡಸೇ: ಆಂಡ್ರೆ ವಾಕರ್, ಓಪ್ರಾ ವಿನ್‌ಫ್ರೇಯ ಕೇಶ ವಿನ್ಯಾಸಕ. ನೇರ ಕೂದಲು ಒಂದು, ಬಿಗಿ ಗುಂಗುರು ಕೊನೆಗೆ. ಇವತ್ತು ಹುಡುಗಿಯರು ತಮ್ಮನ್ನು ಪರಿಚಯಿಸಿಕೊಳ್ಳುವಾಗ 'ನಂದು ಫೋರ್ ಸಿ', ಅಂದರೆ ಅತಿ ಬಿಗಿ ಗುಂಗುರು, ಅನ್ನುವುದು ಆ ಪಟ್ಟಿಯನ್ನು ಬೆಳೆಸಿಕೊಂಡೇ.

ಗಂಡಸರೇನೂ ಈ ಕ್ರೀಮಿನಿಂದ ದೂರ ಇದ್ದವರಲ್ಲ. ಕಳೆದ ಶತಮಾನದ ಮೊದಲ ಅರ್ಧದಲ್ಲಿ 'ಕಾಂಕ್' ಅಂತ ಗಂಡಸರೇ ತಲೆಗೆ ಲೈ, ಅಂದರೆ ಅದೇ ಕಾಸ್ಟಿಕ್ ಸೋಡಾ, ಹಚ್ಚಿ ನೇರ ಮಾಡಿಸುತ್ತಿದ್ದರು. ಹುಡುಗನಾಗಿದ್ದಾಗ ತಾನೂ ಹಾಗೆ ಸುಟ್ಟುಕೊಂಡದ್ದನ್ನು ಕಪ್ಪು ಜನರ ಹೋರಾಟಗಾರ ಮಾಲ್ಕಮ್ ಎಕ್ಸ್ ಆತ್ಮಕಥೆಯಲ್ಲಿ ನಾಚಿಕೆಯಿಂದ ನೆನೆಯುತ್ತಾನೆ. ರಾಕ್‌ನ ಚಿತ್ರದಲ್ಲಿ ಬರುವ ಹಕ್ಕು ಹೋರಾಟಗಾರ, ರೆವರೆಂಡ್ ಅಲ್ ಶಾರ್ಪ್‌ಟನ್ ದಶಕಗಳ ಕಾಲ ನೇರ ಮಾಡಿಸಿದ ಕೂದಲಲ್ಲೇ ಓಡಾಡಿದರು, ಗಾಯಕ ಜೇಮ್ಸ್ ಬ್ರೌನ್ ಮೇಲಿನ ಪ್ರೀತಿಗೆ. ಅವರ ಕೂದಲಿನ ಬಗ್ಗೆಯೂ ಜೋಕು ಬಂದಿವೆ. ಅದರಿಂದ ಅವರಿಗೆ ಹೆಣ್ಣು ಸಿಗದೆ ಹೋಗುತ್ತಾ, ಕೆಲಸ ಹೋಗುತ್ತಾ ಅಂತ ಯಾರೂ ಕೇಳಲಿಲ್ಲ.

ಆ ರಾತ್ರಿ ರಾಕ್‌ಗೆ ಜೇಡಾಳ ಕಾಯಿಲೆ ಗೊತ್ತಿತ್ತೇ ಅನ್ನುವ ಚರ್ಚೆ ವಾರಗಟ್ಟಲೆ ನಡೆಯಿತು. ನನಗೆ ಅದು ಮುಖ್ಯ ಅನಿಸುವುದಿಲ್ಲ. ಕಾಯಿಲೆ ಗೊತ್ತಿಲ್ಲದಿದ್ದರೂ, ಕಪ್ಪು ಹೆಂಗಸಿನ ತಲೆ ಎಂಥಾ ಜಾಗ ಅನ್ನೋದು ಆ ಸಭಾಂಗಣದಲ್ಲಿ ಅವನಷ್ಟು ಓದಿಕೊಂಡ ಗಂಡಸು ಇನ್ನೊಬ್ಬ ಇರಲಿಕ್ಕಿಲ್ಲ. 2016ರಲ್ಲಿ ಆಸ್ಕರ್ ನಡೆಸಿಕೊಟ್ಟಾಗಲೂ ಅವನು ಜೇಡಾಳ ಮೇಲೆ ಒಂದು ಕೊಳಕು ಜೋಕು ಹಾರಿಸಿದ್ದ. ಕಪ್ಪು ನಟರಿಗೆ ನಾಮನಿರ್ದೇಶನವೇ ಇಲ್ಲ ಅಂತ ಅವಳು ಆ ಸಲ ಸಮಾರಂಭಕ್ಕೆ ಬಂದಿರಲಿಲ್ಲ.

ನಮ್ಮ ಕಡೆಯ ಕೂದಲು

ಆ ಚಿತ್ರದಲ್ಲಿ ನಮ್ಮವರೂ ಇದ್ದಾರೆ. ರಾಕ್ ಕ್ಯಾಮೆರಾ ಹಿಡಿದು ತಿರುಪತಿ ತಿಮ್ಮಪ್ಪನ ಮುಡಿಯ ತನಕ ಬರುತ್ತಾನೆ. ಭಕ್ತರು ಕೊಟ್ಟ ಕೂದಲು ಹರಾಜಾಗಿ, ತೊಳೆದು ಒಣಗಿ, ಲಾಸ್ ಏಂಜಲೀಸ್‌ನ ಸಲೂನಿನಲ್ಲಿ ವೀವ್ ಆಗಿ ಹೊಲಿಸಿಕೊಳ್ಳುತ್ತದೆ. ಆಮೇಲೆ ಅವನು ಕಪ್ಪು ಜನರ ಕೂದಲನ್ನು ಚೀಲದಲ್ಲಿ ತುಂಬಿಕೊಂಡು ಅದೇ ಊರಿನ ಅಂಗಡಿಗಳಿಗೆ ಹೋಗಿ ಮಾರೋಕೆ ನೋಡುತ್ತಾನೆ. ಯಾರಿಗೂ ಬೇಡ. ಆ ದೃಶ್ಯ ತಮಾಷೆಯಾಗಿದೆ, ನೋಡಿದ ಮೇಲೆ ಹೊಟ್ಟೆಯಲ್ಲಿ ಉಳಿದುಬಿಡುತ್ತದೆ.

ಬರೀ ತಿರುಪತಿ ಅಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಹಸನು ಮಾಡುವುದೇ ದೊಡ್ಡ ಉದ್ಯಮ. ಒಮ್ಮೆಗೇ ಬೋಳಿಸಿದ, ಬುಡ ತುದಿ ಒಂದೇ ದಿಕ್ಕಿನಲ್ಲಿರುವ ಕೂದಲಿಗೆ ವ್ಯಾಪಾರದಲ್ಲಿ 'ರೆಮಿ' ಅನ್ನುತ್ತಾರೆ, ಅದಕ್ಕೆ ಬೆಲೆ ಜಾಸ್ತಿ. ಬಾಚಣಿಗೆಯಲ್ಲಿ ಉದುರಿದ ಉಂಡೆ ಕೂದಲು ಅಗ್ಗ. ಆ ಉಂಡೆಯ ಗಂಟು ಬಿಡಿಸಿ, ಎಳೆ ಎಳೆ ಬೇರೆ ಮಾಡಿ, ಉದ್ದಕ್ಕೆ ತಕ್ಕಂತೆ ಕಟ್ಟುವ ಕೆಲಸ ಹೆಚ್ಚಾಗಿ ಹೆಂಗಸರದು. ಅಲ್ಲಿಂದ ಸರಕು ಹೊರದೇಶಕ್ಕೆ ಹೋಗುತ್ತದೆ. ಬೀದಿಯಲ್ಲಿ ಕೂಗುತ್ತಾ ಬಂದು, ಕೂದಲು ತಗೊಂಡು ಹೇರ್‌ಪಿನ್ನೋ ಸ್ಟೀಲ್ ಬಟ್ಟಲೋ ಕೊಡುತ್ತಿದ್ದವರು ನೆನಪಿದ್ದರೆ, ಆ ದಾರಿ ಎಲ್ಲಿಗೆ ಸೇರುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಕೊಡದೆ ಉಳಿಸಿಕೊಂಡ ಕೂದಲು ನಮ್ಮಜ್ಜಿಯ ಚೌರಿಯಾಗುತ್ತಿತ್ತು. ಇಲಿಬಾಲದಂಥ ಜಡೆಗೆ ಚೌರಿ ಸೇರಿಸಿ ಹೆಣೆದು, ಗಂಟು ಹಾಕಿ, ಮೇಲೆ ಕನಕಾಂಬರ ಇಟ್ಟರೆ ಅಜ್ಜಿ ಮದುವೆಮನೆಗೆ ರೆಡಿ. ಇದು ನಿಜವಾದ ಕೂದಲಾ ಸುಳ್ಳು ಕೂದಲಾ ಅಂತ ತಾತ ಯಾವತ್ತೂ ವಿಚಾರಣೆ ಮಾಡಿದ್ದು ನಾನು ಕಾಣೆ.

ಅಪ್ಪ ಹಾಗಿರಲಿಲ್ಲ. ನನಗೆ 12 ವರ್ಷ ಇದ್ದಾಗ ಅಮ್ಮ ತಿರುಪತಿಗೆ ಮುಡಿ ಹರಸಿಕೊಂಡಳು. ಮಂಡಿ ತನಕ ಜಡೆ ಅವಳದು. ಹೊರಡುವ ಹಿಂದಿನ ರಾತ್ರಿ ಅಪ್ಪ, "ಮೂರು ಎಳೆ ಕತ್ತರಿಸಿ ಕೊಟ್ರೆ ಸಾಕಲ್ವಾ? ದೇವರು ಬೇಡ ಅಂತಾನಾ?" ಅಂದ. ಅಮ್ಮ ಬಟ್ಟೆ ಮಡಿಸುತ್ತಾ, "ಹರಕೆ ಹೊತ್ತಿದ್ದು ನಾನ್ರೀ" ಅಂದಳು, ಅಷ್ಟೇ. ಕಲ್ಯಾಣಕಟ್ಟೆಯಿಂದ ಹೊರಗೆ ಬಂದಾಗ ನೆತ್ತಿಗೆ ಗಂಧ ಹಚ್ಚಿಕೊಂಡಿದ್ದಳು, ಕಿವಿ ದೊಡ್ಡದಾಗಿ ಕಾಣುತ್ತಿದ್ದವು. ಊರಲ್ಲಿ ಯಾರೂ ಏನೂ ಅನ್ನಲಿಲ್ಲ. 'ತಿರುಪತಿಗೆ ಹೋಗಿದ್ರಾ, ಲಾಡು ಎಲ್ಲಿ' ಅಂತ ಕೇಳಿದರು. ಅಂದದ್ದು ನಾನು. ಸ್ಕೂಲ್ ಡೇಗೆ ಬರೋದಾದ್ರೆ ತಲೆ ಮೇಲೆ ಸೆರಗು ಹೊದ್ಕೊಂಡು ಬಾ ಅಂದೆ. ಅವಳು ಬರಲೇ ಇಲ್ಲ.

ನಮ್ಮಲ್ಲಿ ಹೆಂಗಸಿನ ಬೋಳು ತಲೆಗೆ ಇನ್ನೊಂದು ಅರ್ಥವೂ ಇತ್ತು. ಗಂಡ ಸತ್ತ ಬ್ರಾಹ್ಮಣ ಹೆಣ್ಣಿನ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಕೂರಿಸುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಅದನ್ನು ತೀರ್ಮಾನಿಸುತ್ತಿದ್ದವರು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅಭಿಪ್ರಾಯ ಆದೇಶವಾದಾಗ

ಗಂಡಸರು ಏನೋ ಮಾತಾಡ್ತಾರೆ, ಕಿವಿ ಮೇಲೆ ಹಾಕ್ಕೊಳ್ಳದಿದ್ದರೆ ಆಯ್ತಪ್ಪ ಅನ್ನಬಹುದು. ಅಮೆರಿಕದ ಕಪ್ಪು ಹೆಂಗಸಿನ ವಿಷಯದಲ್ಲಿ ಆ ಮಾತು ಬಹಳ ಸಲ ಕಾಗದದ ಮೇಲೆ ಠಸ್ಸೆ ಒತ್ತಿಸಿಕೊಂಡು ಬಂದಿದೆ.

1786ರಲ್ಲಿ ನ್ಯೂ ಆರ್ಲಿಯನ್ಸ್ ಸ್ಪೇನಿನ ಕೈಯಲ್ಲಿತ್ತು. ಗವರ್ನರ್ ಎಸ್ತೆಬಾನ್ ಮಿರೋ ಒಂದು ಆಜ್ಞೆ ಹೊರಡಿಸಿದ: ಕಪ್ಪು ಮತ್ತು ಮಿಶ್ರ ಮೂಲದ ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು, ಗರಿ ಒಡವೆ ಸಿಕ್ಕಿಸಿಕೊಂಡು ಮೆರೆಯಬಾರದು. ಅವರು ಚೆನ್ನಾಗಿ ಕಾಣುತ್ತಿದ್ದದ್ದೇ ತೊಂದರೆಯಾಗಿತ್ತು. ಹೆಂಗಸರು ಬಟ್ಟೆ ಕಟ್ಟಿಕೊಂಡರು. ಬಣ್ಣಬಣ್ಣದ್ದು, ಬೆಲೆಬಾಳುವಂಥದ್ದು, ಎತ್ತರಕ್ಕೆ ಸುತ್ತಿ. ನೋಡನೋಡುತ್ತಾ ಅದೇ ಫ್ಯಾಷನ್ ಆಯಿತು.

1981ರಲ್ಲಿ ನ್ಯೂಯಾರ್ಕಿನ ಕೋರ್ಟಿಗೆ ಒಂದು ಮೊಕದ್ದಮೆ ಬಂತು. ಅಮೆರಿಕನ್ ಏರ್‌ಲೈನ್ಸ್‌ನ ಉದ್ಯೋಗಿಯೊಬ್ಬಳು ತಲೆಗಂಟಿದ ಸಾಲು ಜಡೆ, ಅಂದರೆ ಕಾರ್ನ್‌ರೋಸ್, ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ಬೇಡ ಅಂದಿತು ಕಂಪನಿ. ಜಡೆಗಳನ್ನು ಗಂಟು ಕಟ್ಟಿ, ಮೇಲೆ ಕೃತಕ ಕೂದಲು ಸುತ್ತಿಕೊಂಡರೆ ಅಭ್ಯಂತರವಿಲ್ಲ ಅಂದಿತು. ತನ್ನ ಕೂದಲನ್ನು ಸುಳ್ಳು ಕೂದಲಿನಿಂದ ಮುಚ್ಚಿಕೋ ಅಂತ! ನ್ಯಾಯಾಧೀಶ ಅಬ್ರಹಾಂ ಸೋಫೇರ್ ಕಂಪನಿಯ ಪರ ತೀರ್ಪು ಕೊಟ್ಟರು. ಜಡೆ ಸುಲಭವಾಗಿ ಬದಲಾಯಿಸಬಹುದಾದದ್ದು, ಹಾಗಾಗಿ ಇದು ಜನಾಂಗ ಭೇದವಲ್ಲ ಅಂದರು. ಒಬ್ಬ ಬಿಳಿ ನಟಿ ಸಿನಿಮಾದಲ್ಲಿ ಆ ಜಡೆ ಹಾಕಿ ಹೆಸರು ಮಾಡಿದ ಮೇಲೆ ಈಕೆ ಶುರುಮಾಡಿದ್ದು ಅಂತಲೂ ತೀರ್ಪಿನಲ್ಲಿ ಸೇರಿಸಿದರು. ಆಫ್ರಿಕಾದಲ್ಲಿ ಎಷ್ಟೋ ತಲೆಮಾರಿನಿಂದ ಹೆಣೆದುಕೊಂಡು ಬಂದ ಜಡೆಗೆ ಹಾಲಿವುಡ್ ಸಿನಿಮಾ ತಾಯಿಯಾಯಿತು.

2007ರ ಏಪ್ರಿಲ್‌ನಲ್ಲಿ ರೇಡಿಯೋ ನಿರೂಪಕ ಡಾನ್ ಐಮಸ್, ಹಿಂದಿನ ರಾತ್ರಿಯಷ್ಟೇ ರಾಷ್ಟ್ರೀಯ ಫೈನಲ್ ಆಡಿ ಬಂದಿದ್ದ ರಟ್ಗರ್ಸ್ ವಿಶ್ವವಿದ್ಯಾಲಯದ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವನ್ನು ಅವರ ನ್ಯಾಪಿ ಕೂದಲು ಎತ್ತಿ ಹೀನಾಯವಾಗಿ ಬೈದ. ಎಂಟು ದಿನದಲ್ಲಿ ಕೆಲಸ ಹೋಯಿತು. ಅದೇ ವರ್ಷ ಡಿಸೆಂಬರ್‌ಗೆ ಬೇರೆ ಸ್ಟೇಷನ್ನಿನಲ್ಲಿ ಮತ್ತೆ ಮೈಕು ಸಿಕ್ಕಿತು.

ಇನ್ನೊಂದು ಪ್ರಸಂಗ ಹೇಳದೆ ಮುಂದೆ ಹೋಗೋಕಾಗಲ್ಲ, ಯಾಕೆಂದರೆ ಅದು ಆ ಆಸ್ಕರ್ ರಾತ್ರಿಗೇ ಬಂದು ಸೇರುತ್ತದೆ. ವಿಲ್ ಸ್ಮಿತ್‌ಗೆ ಪ್ರಶಸ್ತಿ ಬಂದದ್ದು ವೀನಸ್ ಮತ್ತು ಸೆರೀನಾ ವಿಲಿಯಮ್ಸ್ ಅವರ ಅಪ್ಪನ ಪಾತ್ರಕ್ಕೆ. ಆ ಅಕ್ಕತಂಗಿಯರು ಹುಡುಗಿಯರಾಗಿದ್ದಾಗ ಜಡೆ ತುಂಬಾ ಮಣಿ ಪೋಣಿಸಿಕೊಂಡು ಆಡುತ್ತಿದ್ದರು. ಓಡಿದರೆ ಗಲಗಲ ಸದ್ದು. 1999ರ ಆಸ್ಟ್ರೇಲಿಯನ್ ಓಪನ್ ಕ್ವಾರ್ಟರ್ ಫೈನಲ್‌ನಲ್ಲಿ, ಲಿಂಡ್ಸೆ ಡೇವನ್‌ಪೋರ್ಟ್ ಎದುರು, ವೀನಸ್ ಜಡೆಯ ಮಣಿಗಳು ಕಿತ್ತು ಅಂಕಣದಲ್ಲಿ ಚೆಲ್ಲಿದವು. ಎದುರಾಳಿಗೆ ಅಡಚಣೆ ಅಂತ ಅಂಪೈರ್ ಅವಳ ಒಂದು ಪಾಯಿಂಟ್ ಕಿತ್ತುಕೊಂಡ. 18 ವರ್ಷದ ಹುಡುಗಿ ಕುರ್ಚಿಯ ಮುಂದೆ ನಿಂತು ವಾದ ಮಾಡಿದಳು, ಏನೂ ಆಗಲಿಲ್ಲ. ಕೂದಲಿಗೆ ದಂಡ ಕಟ್ಟಿದ ಹುಡುಗಿಯ ಕಥೆಗೆ ಬಂದ ಪ್ರಶಸ್ತಿ, ಇನ್ನೊಬ್ಬಳ ಕೂದಲಿನ ಜಗಳದಲ್ಲಿ ಮುಚ್ಚಿಹೋಯಿತು. ವೀನಸ್, ಸೆರೀನಾ ಇಬ್ಬರೂ ಅವತ್ತು ಸಭೆಯಲ್ಲೇ ಇದ್ದರು.

ಆಸ್ಕರ್‌ಗೆ ಒಂಬತ್ತು ದಿನ ಮುಂಚೆ, ಮಾರ್ಚ್ 18ಕ್ಕೆ, ಅಮೆರಿಕದ ಪ್ರತಿನಿಧಿ ಸಭೆ 'ಕ್ರೌನ್ ಆಕ್ಟ್' ಮಸೂದೆಯನ್ನು 235ಕ್ಕೆ 189 ಮತಗಳಿಂದ ಒಪ್ಪಿತ್ತು. ಕೆಲಸದಲ್ಲಿ, ಶಾಲೆಯಲ್ಲಿ ಬ್ರೇಡ್ಸ್, ಲಾಕ್ಸ್, ಆಫ್ರೋ ಥರದ ಕೇಶಶೈಲಿ ನೋಡಿ ಭೇದ ಮಾಡಬಾರದು ಅನ್ನುವ ಕಾನೂನು. 2019ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ತಂದದ್ದು, ಆಮೇಲೆ 20ಕ್ಕೂ ಹೆಚ್ಚು ರಾಜ್ಯಗಳು ತಮ್ಮ ತಮ್ಮಲ್ಲಿ ತಂದವು. ದೇಶಕ್ಕೆಲ್ಲ ಅನ್ವಯಿಸುವ ಈ ಮಸೂದೆ ಸೆನೆಟ್‌ನಲ್ಲಿ ಸಿಕ್ಕಿಕೊಂಡಿತು. ಆ ಸುದ್ದಿ ನಮ್ಮ ವಾಟ್ಸಾಪಿಗೆ ಬರಲಿಲ್ಲ, ಏಟು ಬಂತು.

ಭೀಮ ಎದ್ದ

ಊಟದ ಮೇಜಿನಲ್ಲಿ ಗೆಳೆಯನೊಬ್ಬ, "ಭೀಮ ಎದ್ದ ಹಾಗೆ ಎದ್ದ ನೋಡ್ರೀ" ಅಂದಿದ್ದ. ಎಲ್ಲರೂ ಹೌದೌದು ಅಂದೆವು. ತುಂಬಿದ ಸಭೆ, ಹೆಣ್ಣಿನ ಮುಡಿಗೆ ಅವಮಾನ, ಗಂಡ ಎದ್ದು ನಿಲ್ಲುವುದು. ನಮಗೆ ಈ ಕಥೆ ಹಾಲು ಕುಡಿದಷ್ಟು ಸಲೀಸು.

ಆದರೆ ನಮ್ಮ ದ್ರೌಪದಿ ಸುಮ್ಮನೆ ಕೂತವಳಲ್ಲ. ಸಭೆಯಲ್ಲಿ ಪ್ರಶ್ನೆ ಕೇಳಿದವಳು ಅವಳು. ಮುಡಿ ಕಟ್ಟುವುದಿಲ್ಲ ಅಂತ ಶಪಥ ಮಾಡಿದವಳೂ ಅವಳೇ, ಭೀಮ ಎದ್ದದ್ದು ಅವಳ ಮಾತಿನ ಹಿಂದೆ. ಇಲ್ಲಿ ಜೇಡಾ ಬಾಯಿ ತೆರೆದೇ ಇರಲಿಲ್ಲ. ಕಣ್ಣು ತಿರುಗಿಸಿದ್ದೇ ಅವಳ ಉತ್ತರ. ಕೇಳಿದರೆ ಅಷ್ಟು ಸಾಕಾಗಿತ್ತು ಅನ್ನುತ್ತಿದ್ದಳೋ ಏನೋ. ಅವಳ ಸರದಿ ಬರುವ ಮುಂಚೆಯೇ ಒಬ್ಬ ಅವಳ ತಲೆ ನೋಡಿ ಮಾತಾಡಿದ್ದ, ಇನ್ನೊಬ್ಬ ಅವಳ ತಲೆಗಾಗಿ ಕೈ ಎತ್ತಿದ್ದ. ಮರುದಿನದ ಕ್ಷಮಾಪಣೆಯಲ್ಲಿ ವಿಲ್ ಬರೆದದ್ದು, ಜೇಡಾಳ ಕಾಯಿಲೆಯ ಮೇಲಿನ ಜೋಕು ನನಗೆ ತಡೆಯಲಾಗಲಿಲ್ಲ ಅಂತ. ನನಗೆ.

ಹೆಂಗಸರೆಲ್ಲ ಇದನ್ನು ಒಂದೇ ಥರ ನೋಡಲಿಲ್ಲ, ಅದನ್ನೂ ಹೇಳಬೇಕು. ಅಮೆರಿಕದ ಕಪ್ಪು ಸಂಸದೆ ಅಯಾನಾ ಪ್ರೆಸ್ಲಿ ಅವರಿಗೂ ಅಲೋಪೇಶಿಯಾ ಇದೆ. 2020ರ ಜನವರಿಯಲ್ಲಿ ಬೋಳು ತಲೆ ತೋರಿಸಿಯೇ ಹೇಳಿಕೊಂಡಿದ್ದರು. ಕ್ರೌನ್ ಆಕ್ಟ್ ಪರ ದುಡಿದವರು. ಅವರು ಆ ರಾತ್ರಿ ವಿಲ್ ಸ್ಮಿತ್‌ಗೆ ಥ್ಯಾಂಕ್ಸ್ ಹೇಳಿ ಟ್ವೀಟ್ ಮಾಡಿದರು, ಆಮೇಲೆ ಅಳಿಸಿದರು. ಹಾಕಿದ್ದೂ ಅರ್ಥವಾಗುತ್ತದೆ, ಅಳಿಸಿದ್ದೂ ಅರ್ಥವಾಗುತ್ತದೆ. ದಿನಾ ಚುಚ್ಚುಮಾತು ಕೇಳಿ ಸಾಕಾದವರಿಗೆ ಯಾರೋ ಒಬ್ಬ ತನ್ನ ಪರ ಎದ್ದ ಅನ್ನುವುದೇ ಒಂದು ಕ್ಷಣ ದೊಡ್ಡದು.

2023ರ ಮಾರ್ಚ್ 4ರಂದು ರಾಕ್ ಕೊನೆಗೂ ವಿವರವಾಗಿ ಬಾಯಿಬಿಟ್ಟ. ನೆಟ್‌ಫ್ಲಿಕ್ಸ್‌ನಲ್ಲಿ ನೇರ ಪ್ರಸಾರವಾದ ಕಾರ್ಯಕ್ರಮ, ನಡೆದದ್ದು ಬಾಲ್ಟಿಮೋರ್‌ನಲ್ಲಿ, ಜೇಡಾ ಹುಟ್ಟಿದ ಊರಿನಲ್ಲಿ. ಹೊಡೆದವನನ್ನು ಬೈದ, ಜೊತೆಗೆ ಅವಳನ್ನೂ ಬೈದ. ಜನ ಚಪ್ಪಾಳೆ ತಟ್ಟಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜೇಡಾಳ ಆತ್ಮಕಥೆ ಬಂತು. ತಾನೂ ವಿಲ್ಲೂ 2016ರಿಂದಲೇ ಬೇರೆ ಬೇರೆ ಬದುಕುತ್ತಿದ್ದೆವು ಅಂತ ಆಗ ಹೇಳಿದಳು. ಏಟು ಬಿದ್ದಾಗ ಮೊದಲು ಅದು ನಾಟಕವೇ ಅಂದುಕೊಂಡಳಂತೆ. ಅವಳಿಗೆ ಗಾಬರಿ ಹುಟ್ಟಿಸಿದ್ದು 'ನನ್ನ ಹೆಂಡತಿ' ಅನ್ನುವ ಮಾತಂತೆ. ಗಂಡ ಹೆಂಡತಿ ಅಂತ ಅವರು ಕರೆದುಕೊಳ್ಳದೆ ಎಷ್ಟೋ ಕಾಲವಾಗಿತ್ತು.

ಈ ಕಡತದಲ್ಲಿ ಎಲ್ಲರೂ ಮರೆತ ಒಂದು ವಿಡಿಯೋ ಇದೆ. ಆಸ್ಕರ್‌ಗೆ ಮೂರು ತಿಂಗಳ ಹಿಂದಿನದು, 2021ರ ಡಿಸೆಂಬರ್‌ನದು, ಜೇಡಾ ತಾನೇ ಹಾಕಿದ್ದು. ಕ್ಯಾಮೆರಾ ಹತ್ತಿರ ತಲೆ ಬಗ್ಗಿಸುತ್ತಾಳೆ. ನೆತ್ತಿಯ ಮೇಲೆ ಕೂದಲಿಲ್ಲದ ಒಂದು ಗೆರೆ ಮೂಡಿದೆ, ಅದರ ಉದ್ದಕ್ಕೂ ಬೆರಳು ಓಡಿಸುತ್ತಾಳೆ. ಮಿದುಳಿನ ಆಪರೇಷನ್ ಆಗಿದೆ ಅಂತ ಜನ ಅಂದುಕೊಳ್ಳದಿರಲಿ, ಅದಕ್ಕೆ ಪೂರ್ತಿ ಬೋಳಿಸಿಬಿಡುತ್ತೇನೆ ಅಂತ ನಗುತ್ತಾಳೆ. ಈ ಅಲೋಪೇಶಿಯಾ ನಾನು ಇನ್ನು ಮೇಲೆ ಫ್ರೆಂಡ್ಸ್ ಅಂತಲೂ ಬರೆದುಕೊಂಡಿದ್ದಾಳೆ. ಆಮೇಲೆ ಆ ಗೆರೆಯನ್ನೇ ಇನ್ನೊಮ್ಮೆ ಮುಟ್ಟಿ, ಇಲ್ಲಿ ಒಂದಷ್ಟು ಹರಳು ಅಂಟಿಸಿಕೊಂಡು ಪುಟ್ಟ ಕಿರೀಟ ಮಾಡಿಕೊಳ್ಳುತ್ತೇನೆ ಅನ್ನುತ್ತಾಳೆ.